ಕಾಫಿ ಕೊಯ್ಲಿನ ನಡುವೆ ಸಂಘದ ಹೊಸ ತಂತ್ರಾಂಶ: ಡಿಸೆಂಬರ್ 1ಕ್ಕೆ ಆರಂಭಿಸಬಹುದೇ?

ಪ್ರಶ್ನೆ: ಆಡಳಿತ ಮಂಡಳಿ ಸದಸ್ಯ, ದಕ್ಷಿಣ ಕೊಡಗು

ಎಲ್ಲರಿಗೂ ನಮಸ್ಕಾರ. ಪೊನ್ನಂಪೇಟೆ ತಾಲ್ಲೂಕಿನ ಸಹಕಾರ ಸಂಘವೊಂದರ ಆಡಳಿತ ಮಂಡಳಿಯಲ್ಲಿದ್ದೇನೆ. ಸದಸ್ಯರ ಕಾಫಿ ಮತ್ತು ಕಾಳುಮೆಣಸನ್ನು ಖರೀದಿಸುವುದು, ಗೋದಾಮಿನಲ್ಲಿಟ್ಟ ಕಾಫಿಯ ಮೇಲೆ ಅಡಮಾನ ಸಾಲ ಕೊಡುವುದು, ಗೊಬ್ಬರ ಮಾರುವುದು ನಮ್ಮ ಮುಖ್ಯ ವ್ಯವಹಾರಗಳು. ಮುಖ್ಯ ಕಚೇರಿಯಲ್ಲದೆ ಬೇರೆ ಬೇರೆ ಊರುಗಳಲ್ಲಿ ಖರೀದಿ ಕೇಂದ್ರಗಳಿವೆ. ಈಗ ನಮ್ಮ ಲೆಕ್ಕ ಮೂರು ಕಡೆ ಹಂಚಿಹೋಗಿದೆ: ಹಣಕಾಸಿನದು ಟ್ಯಾಲಿಯಲ್ಲಿದೆ, ಖರೀದಿಯದು ಬಹಳ ಹಿಂದೆ ಸ್ಥಳೀಯರೊಬ್ಬರಿಂದ ಬರೆಸಿದ ಪ್ರೋಗ್ರಾಮಿನಲ್ಲಿದೆ, ಸಾಲದ್ದು ಇನ್ನೂ ಖಾತೆ ಪುಸ್ತಕಗಳಲ್ಲಿದೆ. ಒಬ್ಬ ಸದಸ್ಯರ ಪೂರ್ತಿ ಚಿತ್ರ ಬೇಕೆಂದರೆ ಮೂವರು ಸಿಬ್ಬಂದಿಯನ್ನು ಕೇಳಬೇಕಾಗುತ್ತದೆ.

ಇವೆಲ್ಲವನ್ನೂ ಒಂದೇ ತಂತ್ರಾಂಶಕ್ಕೆ ತರಲು ಮಂಡಳಿ ತಾತ್ವಿಕವಾಗಿ ಒಪ್ಪಿದೆ. ಒಂದು ಕಂಪನಿ ಬಂದು ತೋರಿಸಿದ್ದು ನಮಗೆಲ್ಲ ಹಿಡಿಸಿತು. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ ಮಾತುಕತೆ ಚುರುಕಾಗಿದ್ದು, ಈ ತಿಂಗಳೊಳಗೆ ಕರಾರಿಗೆ ಸಹಿ ಹಾಕಿದರೆ ಬೆಲೆಯಲ್ಲಿ ರಿಯಾಯಿತಿ ಕೊಡುವುದಾಗಿಯೂ, ಡಿಸೆಂಬರ್ 1ರಂದು ಎಲ್ಲ ವಿಭಾಗಗಳನ್ನು ಒಟ್ಟಿಗೆ ಆರಂಭಿಸಿಕೊಡುವುದಾಗಿಯೂ ಅವರು ಹೇಳಿದ್ದಾರೆ. ಕೊಯ್ಲಿನ ವ್ಯವಹಾರವೆಲ್ಲ ಹೊಸದರಲ್ಲೇ ದಾಖಲಾಗಲಿ ಎಂಬುದು ನಮ್ಮಲ್ಲಿ ಹಲವರ ಆಸೆಯೂ ಹೌದು.

ನನ್ನ ಪ್ರಶ್ನೆಗಳು ಮೂರು. ಈ ದಿನಾಂಕ ಸರಿಯೇ? ಹಣದ ಮಟ್ಟಿಗೆ ನಾವು ಎಷ್ಟು ಮೀಸಲಿಟ್ಟುಕೊಳ್ಳಬೇಕು, ಕರಾರಿನಲ್ಲಿ ಏನೇನು ಇರಬೇಕು? ಕಂಪ್ಯೂಟರ್ ವಿಷಯ ತಿಳಿಯದ ಮಂಡಳಿಯೊಂದು ಇಂತಹ ಕೆಲಸದ ಮೇಲ್ವಿಚಾರಣೆಯನ್ನು ಹೇಗೆ ಮಾಡಬೇಕು? "ಅದು ಕಂಪನಿಯ ಕೆಲಸ, ಅವರೇ ನೋಡಿಕೊಳ್ಳುತ್ತಾರೆ" ಎಂಬ ಮಾತು ನಮ್ಮ ಸಭೆಯಲ್ಲಿ ಕೇಳಿಬರುತ್ತಿದೆ, ನನಗೆ ಅದು ಒಪ್ಪಿಗೆಯಾಗುತ್ತಿಲ್ಲ.

ಉತ್ತರ: ತಂತ್ರಾಂಶ ಯೋಜನಾ ವ್ಯವಸ್ಥಾಪಕ, ಮೈಸೂರು (ಊರು ಸೋಮವಾರಪೇಟೆ)

ಮಾನ್ಯರೇ, ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಡಿಸೆಂಬರ್ 1 ಬೇಡ. ಅರೇಬಿಕಾ ಕೊಯ್ಲು ನವೆಂಬರಿನಲ್ಲೇ ಶುರುವಾಗಿರುತ್ತದೆ, ಅದು ಮುಗಿಯುತ್ತಿದ್ದಂತೆ ರೋಬಸ್ಟಾ ಬಂದು ಮಾರ್ಚ್‌ವರೆಗೆ ಎಳೆಯುತ್ತದೆ, ಅದರ ಬೆನ್ನಿಗೇ ಮೆಣಸು. ವರ್ಷದ ಹಣದ ಬಹುಪಾಲು ಓಡಾಡುವ, ಸಿಬ್ಬಂದಿಗೆ ತಲೆ ಎತ್ತಲು ಬಿಡುವಿಲ್ಲದ ತಿಂಗಳುಗಳಲ್ಲೇ ಕೆಲಸದ ರೀತಿಯನ್ನು ಬುಡಸಮೇತ ಬದಲಿಸುವುದೆಂದರೆ, ತಪ್ಪಾದರೆ ಅದನ್ನು ಗುರುತಿಸಿ ತಿದ್ದುವ ಜನರೇ ಇಲ್ಲದ ಹೊತ್ತನ್ನು ಆರಿಸಿಕೊಂಡಂತೆ.

ಇದಕ್ಕೆ ಪಾಠವಾಗಿ ಉಳಿದಿರುವ ಪ್ರಸಂಗವೊಂದಿದೆ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀ, ಸುಮಾರು 11.2 ಕೋಟಿ ಡಾಲರ್ ಖರ್ಚಿನಲ್ಲಿ ತನ್ನ ಇಡೀ ವ್ಯವಹಾರವನ್ನು ಹೊಸ ತಂತ್ರಾಂಶಗಳಿಗೆ ಸಾಗಿಸಲು ಹೊರಟಿತು. ನಾಲ್ಕು ವರ್ಷ ಹಿಡಿಯಬೇಕಾದ ಕೆಲಸವನ್ನು 2000ನೇ ಇಸವಿಯ ಕಂಪ್ಯೂಟರ್ ಸಮಸ್ಯೆಗೆ ಮುಂಚೆಯೇ ಮುಗಿಸಬೇಕೆಂದು 30 ತಿಂಗಳಿಗೆ ಇಳಿಸಿದರು. ಮೂರು ಬೇರೆ ಬೇರೆ ತಂತ್ರಾಂಶಗಳನ್ನು ಒಟ್ಟಿಗೆ ಚಾಲೂ ಮಾಡಿದರು. ಏಪ್ರಿಲ್‌ನಲ್ಲಿ ಮುಗಿಯಬೇಕಿದ್ದದ್ದು ಜುಲೈಗೆ ಜಾರಿತು, ಅಂದರೆ ಅಕ್ಟೋಬರಿನ ಹ್ಯಾಲೋವೀನ್ ಹಬ್ಬಕ್ಕೆ ಅಂಗಡಿಗಳಿಂದ ಬೇಡಿಕೆ ಬರುವ ಸಮಯಕ್ಕೆ ಸರಿಯಾಗಿ. ಗೋದಾಮುಗಳಲ್ಲಿ ಸರಕಿತ್ತು, ಆದರೆ ಅದನ್ನು ಎಲ್ಲಿಗೆ ಕಳಿಸಬೇಕೆಂಬ ಲೆಕ್ಕ ಕೆಟ್ಟಿತ್ತು. ಸುಮಾರು 10 ಕೋಟಿ ಡಾಲರ್ ಬೆಲೆಯ ಬೇಡಿಕೆಯನ್ನು ಪೂರೈಸಲಾಗಲಿಲ್ಲ, ಆ ತ್ರೈಮಾಸಿಕದ ಲಾಭ ಶೇ 19ರಷ್ಟು ಇಳಿಯಿತು. ಅವರು ಕೊಂಡಿದ್ದು ಕಳಪೆ ತಂತ್ರಾಂಶವೇನಲ್ಲ, ಅದೇ ತಂತ್ರಾಂಶವನ್ನು ಬೇರೆ ಕಂಪನಿಗಳು ಸುಸೂತ್ರವಾಗಿ ಬಳಸುತ್ತಿದ್ದವು. ಕೆಟ್ಟದ್ದು ದಿನಾಂಕ, ಮತ್ತು ಎಲ್ಲವನ್ನೂ ಒಂದೇ ಸಲ ಮಾಡುವ ತೀರ್ಮಾನ.

ತಮ್ಮ ಸಂಘಕ್ಕೆ ನಾನು ಹೇಳುವ ಕ್ರಮ ಹೀಗಿದೆ. ಅಕ್ಟೋಬರ್ 17ರ ಆಸುಪಾಸಿನ ತುಲಾ ಸಂಕ್ರಮಣ ಎಲ್ಲರಿಗೂ ನೆನಪಿರುವ ದಿನ, ಆ ದಿನದಿಂದ ಮೆಣಸಿನ ಖರೀದಿ ಮುಗಿಯುವವರೆಗೆ ಖರೀದಿ ಮತ್ತು ಬಟವಾಡೆಯಲ್ಲಿ ಯಾವುದೇ ಬದಲಾವಣೆ ಇಲ್ಲ ಎಂದು ಮಂಡಳಿಯಲ್ಲಿ ಠರಾವು ಮಾಡಿ. ಈ ಕೊಯ್ಲಿನ ಕಾಲವನ್ನು ಸದಸ್ಯರ ಪಟ್ಟಿಯನ್ನು ಶುದ್ಧ ಮಾಡಲು ಬಳಸಿಕೊಳ್ಳಿ. ಏಪ್ರಿಲ್ 1ರಂದು ಹೊಸ ಹಣಕಾಸು ವರ್ಷದ ಆರಂಭದ ಶಿಲ್ಕಿನೊಂದಿಗೆ ಲೆಕ್ಕಪತ್ರವನ್ನೂ ಸಾಲವನ್ನೂ ಹೊಸದಕ್ಕೆ ತನ್ನಿ. ಗೊಬ್ಬರದ ಮಳಿಗೆಯನ್ನು ಮುಂಗಾರಿನ ಮಾರಾಟ ಇಳಿದ ಮೇಲೆ, ಜುಲೈನಲ್ಲಿ ಸೇರಿಸಿ. ಖರೀದಿ ವಿಭಾಗ ಬರಬೇಕಾದದ್ದು ಕೊನೆಗೆ, ಮುಂದಿನ ವರ್ಷದ ನವೆಂಬರಿನಲ್ಲಿ, ಅದೂ ಮೊದಲು ಒಂದೇ ಕೇಂದ್ರದಲ್ಲಿ.

ಹಣದ ವಿಷಯ. ಆಕ್ಸ್‌ಫರ್ಡಿನ ಸಂಶೋಧಕರು 1,471 ಮಾಹಿತಿ ತಂತ್ರಜ್ಞಾನ ಯೋಜನೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ಮಿತಿಮೀರಿದ ಖರ್ಚು ಶೇ 27 ಮಾತ್ರ. ಆದರೆ ಆರರಲ್ಲಿ ಒಂದು ಯೋಜನೆ ಸರಾಸರಿ ಶೇ 200ರಷ್ಟು ಮಿತಿ ಮೀರಿತ್ತು. ಶೇ 27ನ್ನು ನೋಡಿ ಶೇ 30ರಷ್ಟು ಹೆಚ್ಚಿಗೆ ಎತ್ತಿಟ್ಟ ಮಂಡಳಿ ನೆಮ್ಮದಿಯಾಗಿರುತ್ತದೆ, ಅದನ್ನು ಮುಳುಗಿಸುವುದು ಆ ಆರನೆಯದು. ಮೀಸಲು ಹಣದಿಂದ ಅದನ್ನು ಎದುರಿಸಲಾಗದು. ಯಾವ ಒಂದು ಹಂತ ಪೂರ್ತಿ ಕೈಕೊಟ್ಟರೂ ಸಂಘ ತಡೆದುಕೊಳ್ಳುವಷ್ಟು ಸಣ್ಣ ಹಂತಗಳಾಗಿ ಕೆಲಸವನ್ನು ಒಡೆಯುವುದೇ ದಾರಿ.

ಮೇಲ್ವಿಚಾರಣೆಗೆ ಕಂಪ್ಯೂಟರ್ ಜ್ಞಾನ ಬೇಕಿಲ್ಲ. ಪ್ರತಿ ಸಭೆಯಲ್ಲೂ ಒಂದು ಹಾಳೆ ಮುಂದಿರಲಿ: ಏನು ಕೆಡಬಹುದು, ಕೆಡುತ್ತಿದೆ ಎಂದು ನಮಗೆ ಮೊದಲು ಗೊತ್ತಾಗುವುದು ಹೇಗೆ, ಆಗ ಯಾರು ಏನು ಮಾಡುತ್ತಾರೆ. ಇಂತಹ ಪಟ್ಟಿಗಳಲ್ಲಿ ಅಪಾಯವನ್ನು ಹೆಚ್ಚು, ಮಧ್ಯಮ, ಕಡಿಮೆ ಎಂದು ಬಣ್ಣ ಹಚ್ಚಿ ತೋರಿಸುವುದು ವಾಡಿಕೆ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಎಷ್ಟು ದಿನ ಬಟವಾಡೆ ನಿಲ್ಲುತ್ತದೆ, ಎಷ್ಟು ರೂಪಾಯಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಬರೆಸಿ, ಬೆಳೆಗಾರರೇ ತುಂಬಿರುವ ಮಂಡಳಿಗೆ ಅದು ತಕ್ಷಣ ಅರ್ಥವಾಗುತ್ತದೆ.

ಉತ್ತರ: ಲೆಕ್ಕಪರಿಶೋಧಕಿ, ವಿರಾಜಪೇಟೆ

ಮೇಲಿನವರು ಸದಸ್ಯರ ಪಟ್ಟಿಯನ್ನು ಶುದ್ಧ ಮಾಡಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದಾರೆ. ನನ್ನ ಅನುಭವದಲ್ಲಿ ಇಡೀ ಯೋಜನೆಯ ಅರ್ಧ ಕಷ್ಟ ಅಲ್ಲೇ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬಹುತೇಕ ತಂತ್ರಾಂಶಗಳು ಹೆಸರನ್ನು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕಡೆ ಕೇಳುತ್ತವೆ. ನಮ್ಮಲ್ಲಿ ಕೊಡವ ಸದಸ್ಯರ ಹೆಸರಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಒಂದೇ ಮನೆತನದಲ್ಲಿ ಒಂದೇ ಹೆಸರಿನ ಇಬ್ಬರು ಇರುವುದು ಅಪರೂಪವಲ್ಲ. ಇತರ ಸದಸ್ಯರಲ್ಲಿ ಕೆಲವರು ತಂದೆಯ ಹೆಸರಿನ ಮೊದಲಕ್ಷರ ಬಳಸುತ್ತಾರೆ, ಕೆಲವರು ಊರಿನದು. ಒಬ್ಬರೇ ವ್ಯಕ್ತಿ ಷೇರು ಪುಸ್ತಕದಲ್ಲಿ ಒಂದು ರೀತಿ, ಸಾಲದ ಖಾತೆಯಲ್ಲಿ ಇನ್ನೊಂದು ರೀತಿ, ಖರೀದಿ ಪ್ರೋಗ್ರಾಮಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮತ್ತೊಂದು ರೀತಿ ದಾಖಲಾಗಿದ್ದರೆ, ಹೊಸ ತಂತ್ರಾಂಶ ಅವರನ್ನು ಮೂರು ಮಂದಿ ಎಂದೇ ತಿಳಿಯುತ್ತದೆ. ಆಗ ಕಾಫಿಯ ಹಣದಲ್ಲಿ ಸಾಲದ ಕಂತು ಮುರಿದುಕೊಳ್ಳುವ ವ್ಯವಸ್ಥೆಯೇ ಕೆಲಸ ಮಾಡುವುದಿಲ್ಲ.

ಜಮೀನಿನ ಕಡೆಯಿಂದ ಇನ್ನೊಂದು ತೊಡಕಿದೆ. ಜಮ್ಮಾ ಜಮೀನಿನ (ಕೊಡಗಿನ ಮನೆತನಗಳ ವಂಶಪಾರಂಪರ್ಯ ಹಿಡುವಳಿಯ) ಪಹಣಿಯಲ್ಲಿ, ಮನೆತನದ ಪರವಾಗಿ ಹೆಸರಿರುವ ಪಟ್ಟೇದಾರರ ಜೊತೆಗೆ ಮನೆತನದ ಹಲವರ ಹೆಸರುಗಳಿರುತ್ತವೆ. ಅಣ್ಣನ ಹೆಸರಿನ ಪಹಣಿಯ ಮೇಲೆ ಸಾಲ ತೆಗೆದ ತೋಟದ ಕಾಫಿಯನ್ನು ತಮ್ಮ ತನ್ನ ಸದಸ್ಯ ಸಂಖ್ಯೆಯಲ್ಲಿ ತಂದು ಹಾಕುತ್ತಾರೆ. ನಿಮ್ಮ ಹಳೆಯ ಗುಮಾಸ್ತರಿಗೆ ಇದು ಗೊತ್ತಿರುವುದರಿಂದ ಒಂದು ಫೋನ್ ಮಾಡಿ ಸರಿಪಡಿಸುತ್ತಾರೆ, ತಂತ್ರಾಂಶಕ್ಕೆ ಹೇಳಿಕೊಡದಿದ್ದರೆ ಅದಕ್ಕೆ ಗೊತ್ತಾಗದು. ಸದಸ್ಯರು, ಜಮೀನು, ಸಾಲ ಇವು ಒಂದಕ್ಕೆ ಹಲವು ಸೇರುವ ಸಂಬಂಧಗಳು ಎಂಬುದನ್ನು ಕಂಪನಿಗೆ ನಾಲ್ಕೈದು ನಿಜವಾದ ಕಡತಗಳನ್ನು ಇಟ್ಟುಕೊಂಡು, ಹೆಸರು ಮರೆಮಾಡಿ, ತೋರಿಸಿ. ಅವರು "ಇದು ಆಗುತ್ತದೆ" ಎಂದರೆ ಸಾಲದು, ಅದೇ ಕಡತವನ್ನು ಪರದೆಯ ಮೇಲೆ ಮಾಡಿ ತೋರಿಸಲಿ.

ಹಳೆಯ ಪಟ್ಟಿ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿದ್ದರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕಾಗುತ್ತದೆ. ಆಗ ಅರ್ಕಾವತ್ತು ಜಾಗ ಬದಲಿಸುವುದು, ಒತ್ತಕ್ಷರ ಕಳಚಿಹೋಗುವುದು ಸಾಮಾನ್ಯ. ಪರಿವರ್ತನೆಯಾದ ಪಟ್ಟಿಯನ್ನು ಊರಿನ ಹೆಸರುಗಳನ್ನು ಬಲ್ಲವರೇ ಓದಬೇಕು, ದೂರದ ಕಚೇರಿಯವರಿಗೆ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ಇನ್ನು ಬರೆದಿಡದ ನಿಯಮಗಳು. ಗೋಣಿಚೀಲಕ್ಕೆ ಎಷ್ಟು ಗ್ರಾಂ ಕಳೆಯಬೇಕು, ತೇವಾಂಶ ಹೆಚ್ಚಿದ್ದರೆ ಎಷ್ಟು ಮುರಿದುಕೊಳ್ಳಬೇಕು, ಚೆರಿ ಕಾಫಿಯ ಔಟ್‌ಟರ್ನನ್ನು (ಸಿಪ್ಪೆಯೊಂದಿಗೆ ಒಣಗಿಸಿದ ಕಾಫಿಯ ಚೀಲದಿಂದ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬ ಅಂಕಿಯನ್ನು) ಎಷ್ಟನೇ ದಶಮಾಂಶಕ್ಕೆ ನಿಲ್ಲಿಸಬೇಕು ಎಂಬುದು ಸಾಮಾನ್ಯವಾಗಿ ಖರೀದಿ ಗುಮಾಸ್ತರ ತಲೆಯಲ್ಲಷ್ಟೇ ಇರುತ್ತದೆ. 50 ಕೆ.ಜಿ. ಚೀಲಕ್ಕೆ 27.45 ಔಟ್‌ಟರ್ನ್ ಬಂದದ್ದನ್ನು ಹೊಸ ತಂತ್ರಾಂಶ 27.5 ಎಂದು ಮಾಡಿಕೊಂಡಿತೆನ್ನಿ. ದರ ಕಿಲೋಗೆ 400 ರೂಪಾಯಿ ಎಂದಿಟ್ಟುಕೊಂಡರೆ ಚೀಲವೊಂದಕ್ಕೆ 20 ರೂಪಾಯಿ ವ್ಯತ್ಯಾಸ, ನೂರು ಚೀಲ ತಂದವರಿಗೆ 2,000. ಇಳಿಕೆಯ ಕಡೆಗೆ ತಪ್ಪಾದರೆ ಸದಸ್ಯರು ಜಗಳಕ್ಕೆ ಬರುತ್ತಾರೆ, ಏರಿಕೆಯ ಕಡೆಗಾದರೆ ಯಾರೂ ಬರುವುದಿಲ್ಲ, ವರ್ಷದ ಕೊನೆಯಲ್ಲಿ ಸಂಘದ ಲೆಕ್ಕದಲ್ಲಿ ತೂತು ಕಾಣುತ್ತದೆ. ಆದ್ದರಿಂದ ಕಳೆದ ಕೊಯ್ಲಿನ ಇನ್ನೂರು ತೂಕ ಚೀಟಿಗಳನ್ನು ಎಲ್ಲ ಕೇಂದ್ರಗಳಿಂದಲೂ ಆರಿಸಿ, ಹೊಸ ತಂತ್ರಾಂಶದಲ್ಲಿ ಹಾಕಿಸಿ, ಆಗ ನಿಜವಾಗಿ ಬಟವಾಡೆಯಾದ ಹಣದೊಂದಿಗೆ ರೂಪಾಯಿವರೆಗೆ ತಾಳೆ ನೋಡಿ.

ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅದರಲ್ಲಿ ತಪ್ಪುಗಳೇ ಉಳಿಯಲಿಲ್ಲ ಎನ್ನುವಂತಿಲ್ಲ, ತಿದ್ದುಪಡಿಗೆ ಅಲೆದವರು ಕೊಡಗಿನಲ್ಲೇ ಬೇಕಾದಷ್ಟಿದ್ದಾರೆ. ಆದರೂ ಅಲ್ಲಿ ಗಮನಿಸಬೇಕಾದ ತೀರ್ಮಾನವೊಂದಿದೆ: ಕಂಪ್ಯೂಟರ್ ಪಹಣಿ ಬಂದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯನ್ನು ನಿಲ್ಲಿಸಿಬಿಟ್ಟರು. ಹಳೆಯದೂ ಹೊಸದೂ ಜೊತೆಯಾಗಿ ನಡೆಯಲಿ, ಆದರೆ ಯಾವ ದಿನದಿಂದ ಯಾವುದು ಅಧಿಕೃತ ಎಂಬುದು ಬರಹದಲ್ಲಿರಲಿ. ಎರಡೂ ಅಧಿಕೃತವಾಗಿರುವ ಸಂಘದಲ್ಲಿ ಲೆಕ್ಕಪರಿಶೋಧನೆ ಮಾಡುವುದು ಬಹಳ ಕಷ್ಟ.

ಉತ್ತರ: ಕಾಫಿ ಸಂಸ್ಕರಣಾ ಘಟಕದ ಕಂಪ್ಯೂಟರ್ ವಿಭಾಗ, ಕುಶಾಲನಗರ

ಕಂಪನಿಯವರು ತೋರಿಸಿದ್ದು ಬಹುಶಃ ಕ್ಲೌಡ್‌ನಲ್ಲಿ ನಡೆಯುವ ತಂತ್ರಾಂಶ. ಹಾಗಿದ್ದರೆ ಅವರಿಗೆ ಕೇಳಬೇಕಾದ ಮೊದಲ ಪ್ರಶ್ನೆ, ಇಂಟರ್ನೆಟ್ ಇಲ್ಲದ ನಾಲ್ಕು ದಿನ ತೂಕ ಚೀಟಿ ಬರೆಯುವುದು ಹೇಗೆ ಎಂಬುದು. ನಾಲ್ಕು ದಿನ ಎಂದು ಸುಮ್ಮನೆ ಹೇಳುತ್ತಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ, ಕರೆಂಟ್, ಫೋನ್ ಒಟ್ಟಿಗೆ ಹೋದದ್ದನ್ನೂ ಕಾವೇರಿ ಉಕ್ಕಿ ಇಲ್ಲಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನೂ ಕಂಡವರಿಗೆ ಅದು ಹೆಚ್ಚಿನ ಅಂದಾಜಲ್ಲ. ಸಾಧಾರಣ ಮಳೆಗಾಲದಲ್ಲೂ ತಂತಿಯ ಮೇಲೆ ಮರ ಬಿದ್ದರೆ ಒಳಗಿನ ಊರುಗಳಿಗೆ ಕರೆಂಟ್ ಬರುವುದು ಮರುದಿನವೋ ಅದರಾಚೆಗೋ, ಟವರಿನ ಬ್ಯಾಟರಿ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಆದ್ದರಿಂದ ಖರೀದಿ ಕೇಂದ್ರದ ಕಂಪ್ಯೂಟರ್ ಸಂಪರ್ಕವಿಲ್ಲದೆಯೂ ಚೀಟಿ ಕೊಡಬೇಕು, ಸಂಪರ್ಕ ಬಂದಾಗ ಮುಖ್ಯ ಕಚೇರಿಗೆ ಕಳಿಸಬೇಕು. ಹೀಗೆ ಕಳಿಸುವಾಗ ಎರಡು ಕೇಂದ್ರಗಳ ಚೀಟಿಗೆ ಒಂದೇ ಸಂಖ್ಯೆ ಬಂದು ಒಂದನ್ನೊಂದು ಅಳಿಸಿಹಾಕದಂತೆ ಕೇಂದ್ರವಾರು ಸಂಖ್ಯಾ ಸರಣಿ ಇರಬೇಕು. ಕಂಪ್ಯೂಟರೇ ಕೈಕೊಟ್ಟರೆ ಬಳಸಲು ಅದೇ ಸರಣಿಯಲ್ಲಿ ಮುದ್ರಿಸಿದ, ಕಾರ್ಬನ್ ಪ್ರತಿ ಬರುವ ಚೀಟಿ ಪುಸ್ತಕಗಳು ಪ್ರತಿ ಕೇಂದ್ರದ ಡ್ರಾಯರಿನಲ್ಲಿರಬೇಕು.

ಜನವರಿಯ ಸಂಜೆ ಖರೀದಿ ಕೇಂದ್ರದ ಅಂಗಳವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಜೀಪು, ಪಿಕಪ್‌ಗಳು ಗೇಟಿನಾಚೆಯವರೆಗೆ ನಿಂತಿರುತ್ತವೆ, ಒಬ್ಬರು ಚೀಲಕ್ಕೆ ಬಂಬು ಹಾಕಿ ಮಾದರಿ ತೆಗೆಯುತ್ತಿರುತ್ತಾರೆ, ತೇವಾಂಶ ನೋಡುವವರು ಅಂಕಿಯನ್ನು ಕೂಗಿ ಹೇಳುತ್ತಿರುತ್ತಾರೆ, ಕಿಟಕಿಯ ಒಳಗೆ ಕುಳಿತವರು ಅದನ್ನು ಕೇಳಿಸಿಕೊಂಡು ಬರೆಯುತ್ತಾರೆ. ಹೊಸ ತಂತ್ರಾಂಶ ಪರದೆಯಿಂದ ಪರದೆಗೆ ಹೋಗಲು ಚೀಟಿಯೊಂದಕ್ಕೆ ಮೂರು ನಿಮಿಷ ಹೆಚ್ಚು ತೆಗೆದುಕೊಂಡರೆ, ಅರವತ್ತು ಗಾಡಿಗಳಿಗೆ ಮೂರು ಗಂಟೆ. ಆ ಮೂರು ಗಂಟೆಯಲ್ಲಿ ಸಾಲಿನ ಹಿಂದಿನವರು ಗಾಡಿ ತಿರುಗಿಸಿ ಖಾಸಗಿ ವ್ಯಾಪಾರಿಯ ಬಳಿಗೆ ಹೋಗುತ್ತಾರೆ. ಇದನ್ನು ಯಾವ ಕರಾರಿನ ಪರೀಕ್ಷೆಯಲ್ಲೂ ಯಾರೂ ಅಳೆಯುವುದಿಲ್ಲ, ನೀವು ಗಡಿಯಾರ ಹಿಡಿದು ಅಳೆಯಿರಿ.

ಬ್ಯಾಕಪ್ ಬಗ್ಗೆ ಒಂದು ಮಾತು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ನಿಯಮವನ್ನು ಎಲ್ಲರೂ ಹೇಳುತ್ತಾರೆ. ಇದಕ್ಕೆ ನಾನು ಸೇರಿಸುವುದು, ಒಂದು ಪ್ರತಿ ಯಾವ ತಂತಿಗೂ ಯಾವ ಜಾಲಕ್ಕೂ ಜೋಡಿಸಿರಬಾರದು ಎಂಬುದು. 2017ರ ಜೂನ್ 27ರಂದು ಹಡಗು ಸಾಗಣೆ ಕಂಪನಿ ಮೇರ್ಸ್ಕ್ ನಾಟ್‌ಪೆಟ್ಯಾ ಎಂಬ ಸೈಬರ್ ದಾಳಿಗೆ ಸಿಕ್ಕಿದಾಗ, ಬಳಕೆದಾರರ ಮತ್ತು ಪ್ರವೇಶದ ವಿವರಗಳನ್ನಿಡುವ ಅದರ ಸರ್ವರ್‌ಗಳು ಜಗತ್ತಿನಾದ್ಯಂತ ಒಂದಕ್ಕೊಂದು ಜೋಡಿಸಿಕೊಂಡಿದ್ದರಿಂದ ಎಲ್ಲವೂ ಒಟ್ಟಿಗೆ ಅಳಿಸಿಹೋದವು. ಉಳಿದದ್ದು ಘಾನಾದ ಕಚೇರಿಯದು ಮಾತ್ರ, ಕಾರಣ ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು. ಆ ಒಂದು ಪ್ರತಿಯಿಂದಲೇ ಅವರು ಎಲ್ಲವನ್ನೂ ಮತ್ತೆ ಕಟ್ಟಿಕೊಂಡರು. ತಮ್ಮ ಸಂಘದಲ್ಲಿ ಅಂತಹ ಪ್ರತಿ ಕರೆಂಟ್ ಹೋದದ್ದರಿಂದ ಉಳಿಯಬಾರದು, ವಾರಕ್ಕೊಮ್ಮೆ ಡಿಸ್ಕ್ ಕಳಚಿ ಬೇರೆ ಕಡೆ ಇಡುವ ಪದ್ಧತಿಯಿಂದ ಉಳಿಯಬೇಕು. ಬ್ಯಾಕಪ್ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಕಳೆದ ಮಂಗಳವಾರದ ಲೆಕ್ಕವನ್ನು ಬೇರೆ ಕಂಪ್ಯೂಟರಿನಲ್ಲಿ ಈಗ ತೆರೆದು ತೋರಿಸಿ ಎಂದು ಕೇಳಿ.

ಗೊಬ್ಬರದ ಮಳಿಗೆಯನ್ನು ಜುಲೈ ತಿಂಗಳಲ್ಲೇ ಹೊಸದಕ್ಕೆ ತರುವ ಸಲಹೆಯನ್ನು ನಾನು ಬಲವಾಗಿ ಬೆಂಬಲಿಸುತ್ತೇನೆ. ವ್ಯಾಪಾರ ಕಡಿಮೆ, ಮಳೆ ಜೋರು. ತಂತ್ರಾಂಶ ಆ ತಿಂಗಳನ್ನು ದಾಟಿದರೆ ಕೊಯ್ಲಿಗೆ ಅದನ್ನು ನಂಬಬಹುದು.

ಉತ್ತರ: ಬೆಳೆಗಾರ, ಸಿದ್ದಾಪುರ

ಎಲ್ಲರೂ ಮುಂದೂಡಿ ಎನ್ನುತ್ತಿದ್ದೀರಿ. ಮುಂದೂಡುವುದರಲ್ಲೂ ಅಪಾಯವಿದೆಯಲ್ಲ, ಅದನ್ನು ಯಾರೂ ತೂಗಿ ನೋಡಿಲ್ಲ. ಪ್ರಶ್ನೆ ಕೇಳಿದವರ ಸಂಘ ಇನ್ನೂ ಒಂದು ಕೊಯ್ಲನ್ನು ಹಳೆಯ ಪ್ರೋಗ್ರಾಮಿನ ಮೇಲೆ ಕಳೆಯಬೇಕು. ಅದನ್ನು ಬರೆದವರು ಈಗ ಸಿಗುತ್ತಾರೋ ಇಲ್ಲವೋ, ಆ ಕಂಪ್ಯೂಟರ್ ಫೆಬ್ರವರಿಯಲ್ಲಿ ನಿಂತುಹೋದರೆ ಏನು ಮಾಡುತ್ತಾರೆ?

ಇನ್ನೊಂದು ವಿಷಯ ಯುರೋಪಿನದು. ಅರಣ್ಯನಾಶ ತಡೆಗೆ ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಕಾನೂನಿನ ಪ್ರಕಾರ ಅಲ್ಲಿಗೆ ಹೋಗುವ ಕಾಫಿ ಯಾವ ತೋಟದ್ದು ಎಂಬುದನ್ನು ಭೂಪಟದ ಮೇಲೆ ತೋರಿಸಬೇಕು. 4 ಹೆಕ್ಟೇರಿಗಿಂತ ದೊಡ್ಡ ತೋಟಕ್ಕೆ ಗಡಿಯ ರೇಖೆಯೇ ಬೇಕು, ಸಣ್ಣದಕ್ಕೆ ಒಂದು ಬಿಂದು ಸಾಕು. ನಮ್ಮ ಕಾಫಿಗೆ ಯುರೋಪೇ ದೊಡ್ಡ ಮಾರುಕಟ್ಟೆ. ಖರೀದಿದಾರರು ಈಗಾಗಲೇ ಆ ವಿವರ ಕೇಳುತ್ತಿರುವಾಗ, ಇನ್ನೊಂದು ವರ್ಷ ಕಾರ್ಬನ್ ಚೀಟಿಯಲ್ಲಿ ಇರೋಣ ಎಂದರೆ ಸಣ್ಣ ಬೆಳೆಗಾರರು ಸಂಘವನ್ನು ಬಿಟ್ಟು ಹೋದಾರು ಎಂಬ ಭಯ ನನಗಿದೆ.

ಉತ್ತರ: ತಂತ್ರಾಂಶ ಯೋಜನಾ ವ್ಯವಸ್ಥಾಪಕ, ಮೈಸೂರು

ಸಿದ್ದಾಪುರದವರ ಮಾತು ನ್ಯಾಯವಾದದ್ದು. ನಾನು ಹೇಳಿದ ಹಾಳೆಯಲ್ಲಿ ಮೊದಲ ಸಾಲು ಹಳೆಯ ಪ್ರೋಗ್ರಾಮಿನದೇ ಆಗಿರಬೇಕು. ಈ ತಿಂಗಳೊಳಗೆ ಆ ಕಂಪ್ಯೂಟರಿನ ಡಿಸ್ಕನ್ನು ಇದ್ದಂತೆಯೇ ನಕಲು ಮಾಡಿಸಿ, ಅಂತಹದೇ ಇನ್ನೊಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡಿ, ಅದನ್ನು ಕೊಯ್ಲು ಮುಗಿಯುವವರೆಗೆ ಪಕ್ಕದಲ್ಲೇ ಸಿದ್ಧವಾಗಿಡಿ. ಪ್ರತಿದಿನ ಸಂಜೆ ಯಾರಿಗೆ ಎಷ್ಟು ಕೊಡಬೇಕಿದೆ ಎಂಬ ಪಟ್ಟಿ ಕಾಗದದ ಮೇಲೆ ಮುದ್ರಣವಾಗಲಿ. ಇದಕ್ಕೆ ತಗಲುವ ಖರ್ಚು ರಿಯಾಯಿತಿಯ ಮೊತ್ತಕ್ಕಿಂತ ಕಡಿಮೆಯೇ ಇರುತ್ತದೆ.

ಯುರೋಪಿನ ಕಾನೂನು ಮೊದಲು 2024ರ ಡಿಸೆಂಬರ್ 30ಕ್ಕೆ ಜಾರಿಯಾಗಬೇಕಿತ್ತು, ಆಮೇಲೆ ಅದನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಿದರು. ಹೀಗೆ ಅಲುಗಾಡುವ ಹೊರಗಿನ ದಿನಾಂಕಕ್ಕೆ ಇಡೀ ಯೋಜನೆಯನ್ನು ಕಟ್ಟಿಹಾಕಬಾರದು, ಆದರೆ ಅದಕ್ಕೆ ಬೇಕಾದ ಮಾಹಿತಿಯನ್ನು ಈಗಲೇ ಸಂಗ್ರಹಿಸಬೇಕು. ತೋಟದ ಸ್ಥಳವಿವರ ಸದಸ್ಯರ ಪಟ್ಟಿಯ ಶುದ್ಧೀಕರಣದ ಜೊತೆಗೇ ಆಗುವ ಕೆಲಸ, ಅದಕ್ಕೆ ಖರೀದಿ ತಂತ್ರಾಂಶ ಚಾಲೂ ಇರಬೇಕಿಲ್ಲ.

ಈ ಕೊಯ್ಲನ್ನು ಪೂರ್ತಿ ಕಳೆದುಕೊಳ್ಳಬೇಕಾಗಿಯೂ ಇಲ್ಲ. ಜನವರಿಯಿಂದ ಒಂದು ಕೇಂದ್ರದಲ್ಲಿ, ಹಗಲು ಹಳೆಯ ಪದ್ಧತಿಯಲ್ಲಿ ಬರೆದ ಚೀಟಿಗಳನ್ನು ರಾತ್ರಿ ಕಂಪನಿಯ ಸಿಬ್ಬಂದಿಯೇ ಬಂದು ಹೊಸ ತಂತ್ರಾಂಶಕ್ಕೆ ಹಾಕಲಿ. ಹಣ ಹೋಗುವುದು ಹಳೆಯದರ ಲೆಕ್ಕದಲ್ಲೇ. ಎರಡೂ ಕಡೆಯ ಮೊತ್ತ ಎಲ್ಲಿ ಬೇರೆಯಾಯಿತು, ಏಕೆ ಎಂಬುದನ್ನು ಪ್ರತಿ ವಾರ ಬರೆದಿಡಿ. ಇಷ್ಟು ಮಾಡಿಸಲು ಕಂಪನಿ ಒಪ್ಪದಿದ್ದರೆ ಅವರ ಬಗ್ಗೆ ಈಗಲೇ ತಿಳಿದದ್ದು ಒಳ್ಳೆಯದೇ ಆಯಿತು.

ಉತ್ತರ: ವಕೀಲ, ಮಡಿಕೇರಿ

ಕರಾರಿನ ಬಗ್ಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ. "ಕಂಪನಿಯೇ ನೋಡಿಕೊಳ್ಳುತ್ತದೆ" ಎಂಬ ಮಾತನ್ನು ಮೊದಲು ಬದಿಗಿಡಿ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಒಂದು ವಾರಾಂತ್ಯದಲ್ಲಿ ತನ್ನ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ದತ್ತಾಂಶ ಸರಿಯಾಗಿಯೇ ತಲುಪಿತ್ತು, ವ್ಯವಸ್ಥೆ ಮಾತ್ರ ಭಾರ ತಾಳಲಿಲ್ಲ, ಲಕ್ಷಾಂತರ ಗ್ರಾಹಕರಿಗೆ ತಮ್ಮ ಹಣವೇ ಕೈಗೆಟುಕಲಿಲ್ಲ, ಎಲ್ಲವೂ ಸರಿಹೋಗಲು ಡಿಸೆಂಬರ್ ಬಂತು. ವ್ಯವಸ್ಥೆಯನ್ನು ಕಟ್ಟಿ ನಡೆಸಿದ್ದು ಅದೇ ಸಮೂಹದ ಬೇರೆ ಕಂಪನಿ. ಆದರೂ ನಿಯಂತ್ರಕರು 2022ರಲ್ಲಿ 4.865 ಕೋಟಿ ಪೌಂಡ್ ದಂಡ ವಿಧಿಸಿದ್ದು ಬ್ಯಾಂಕಿಗೆ. ಮರುವರ್ಷ ಬ್ಯಾಂಕಿನ ಅಂದಿನ ಮಾಹಿತಿ ತಂತ್ರಜ್ಞಾನ ಮುಖ್ಯಸ್ಥರಿಗೆ ವೈಯಕ್ತಿಕವಾಗಿಯೂ ದಂಡ ಬಿತ್ತು, ಏಕೆಂದರೆ ಕಟ್ಟುವವರು ಸಿದ್ಧರಿದ್ದಾರೆಯೇ ಎಂದು ಅವರು ತಕ್ಕಮಟ್ಟಿಗೆ ಖಚಿತಪಡಿಸಿಕೊಂಡಿರಲಿಲ್ಲ. ಕೆಲಸವನ್ನು ಹೊರಗೆ ಕೊಡಬಹುದು, ಹೊಣೆ ಒಳಗೇ ಉಳಿಯುತ್ತದೆ.

ನಮ್ಮ ದೇಶದ ಸಹಕಾರಿ ರಂಗದಲ್ಲೂ ಇದನ್ನು ಕಂಡಿದ್ದೇವೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಒಂದು ತಂತ್ರಜ್ಞಾನ ಕಂಪನಿಯ ಮೇಲೆ, ದತ್ತಾಂಶಕ್ಕೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿ ನಡೆದಾಗ, ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿಗಳನ್ನು ತಾತ್ಕಾಲಿಕವಾಗಿ ಜಾಲದಿಂದ ಬೇರ್ಪಡಿಸಬೇಕಾಯಿತು. ಆ ಬ್ಯಾಂಕುಗಳ ಒಳಗೆ ಯಾವ ಲೋಪವೂ ಇರಬೇಕಾಗಿರಲಿಲ್ಲ, ಎಲ್ಲರೂ ಒಬ್ಬರನ್ನೇ ನೆಚ್ಚಿದ್ದರೆ ಸಾಕು.

ಕರಾರಿನಲ್ಲಿ ನಾನು ಬಿಟ್ಟುಕೊಡಬಾರದೆನ್ನುವ ಅಂಶಗಳು ಇವು. ಹಣ ಕೊಡುವುದು ಕ್ಯಾಲೆಂಡರಿನ ದಿನಾಂಕಕ್ಕಲ್ಲ, ಪ್ರತಿ ಹಂತದ ಪರೀಕ್ಷೆಯನ್ನು ಸಂಘ ಬರಹದಲ್ಲಿ ಒಪ್ಪಿದ ಮೇಲೆ. ಕೊನೆಯ ಕಂತಾಗಿ ಗಣನೀಯ ಮೊತ್ತ ಒಂದು ಪೂರ್ತಿ ಕೊಯ್ಲು ಮುಗಿಯುವವರೆಗೆ ಸಂಘದ ಬಳಿ ಉಳಿಯಬೇಕು. ದತ್ತಾಂಶ ಸಂಘದ್ದು, ಕೇಳಿದಾಗ ಯಾವುದೇ ಶುಲ್ಕವಿಲ್ಲದೆ ಎಕ್ಸೆಲ್‌ನಂತಹ ಎಲ್ಲರೂ ತೆರೆಯಬಲ್ಲ ರೂಪದಲ್ಲಿ ಕೊಡಬೇಕು, ಇದನ್ನು ಕರಾರು ಮುಗಿಯುವಾಗಲ್ಲ, ಮೊದಲ ವರ್ಷದಲ್ಲೇ ಒಮ್ಮೆ ತರಿಸಿಕೊಂಡು ನೋಡಿ. ಕಂಪನಿ ಮುಚ್ಚಿದರೆ ತಂತ್ರಾಂಶದ ಮೂಲ ಸಂಕೇತ (ಸೋರ್ಸ್ ಕೋಡ್) ಸಂಘಕ್ಕೆ ಸಿಗುವಂತೆ ಮೂರನೆಯವರ ಬಳಿ ಠೇವಣಿ ಇರಬೇಕು.

ಕಾನೂನಿನ ಹೊಣೆಗಳೂ ಇವೆ. ಸದಸ್ಯರ ಆಧಾರ್, ಬ್ಯಾಂಕ್ ಖಾತೆ, ಜಮೀನಿನ ವಿವರ ಎಲ್ಲವೂ ಒಂದೇ ಕಡೆ ಸೇರುತ್ತಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಕಂಪನಿಯ ಮೂಲಕ ಸಂಸ್ಕರಿಸಿದರೂ ಕಾಯ್ದೆಯ ಕಣ್ಣಿನಲ್ಲಿ ಹೊಣೆಗಾರ ಸಂಘವೇ. ಸೈಬರ್ ದಾಳಿಯಾದರೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ತಿಳಿಸುವವರು ಯಾರು, ರಾತ್ರಿ ಗೊತ್ತಾದರೆ ಕಂಪನಿ ಯಾರಿಗೆ ಫೋನ್ ಮಾಡಬೇಕು ಎಂಬುದು ಕರಾರಿನಲ್ಲೇ ಇರಲಿ.

ರಿಯಾಯಿತಿಗಾಗಿ ಈ ತಿಂಗಳು ಸಹಿ ಹಾಕಲೇಬೇಕೆಂದಿದ್ದರೆ ಮೊದಲ ಹಂತಕ್ಕೆ ಮಾತ್ರ ಹಾಕಿ, ಉಳಿದ ಹಂತಗಳನ್ನು ಇದೇ ದರದಲ್ಲಿ ಪಡೆಯುವ ಹಕ್ಕನ್ನು ಬರೆಸಿಕೊಳ್ಳಿ.

ಪ್ರಶ್ನೆ ಕೇಳಿದವರು: ಆಡಳಿತ ಮಂಡಳಿ ಸದಸ್ಯ, ದಕ್ಷಿಣ ಕೊಡಗು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ಸಭೆಗೆ ನಾನು ಮೂರು ಠರಾವುಗಳನ್ನು ಮಂಡಿಸಲಿದ್ದೇನೆ: ತುಲಾ ಸಂಕ್ರಮಣದಿಂದ ಖರೀದಿ ವ್ಯವಸ್ಥೆಯಲ್ಲಿ ಬದಲಾವಣೆ ಇಲ್ಲ, ಹಳೆಯ ಕಂಪ್ಯೂಟರಿನ ನಕಲನ್ನು ಕೂಡಲೇ ಮಾಡಿಸಬೇಕು, ಕರಾರು ಮೊದಲ ಹಂತಕ್ಕೆ ಮಾತ್ರ. ಹೆಸರುಗಳನ್ನು ತಿದ್ದುವ ಕೆಲಸಕ್ಕೆ, ನಿವೃತ್ತರಾದ ನಮ್ಮ ಹಿಂದಿನ ಖರೀದಿ ಗುಮಾಸ್ತರನ್ನು ಗೌರವಧನ ಕೊಟ್ಟು ಕರೆಯೋಣ ಎಂದುಕೊಂಡಿದ್ದೇನೆ.

ಒಂದು ವಿಷಯ ಇನ್ನೂ ಸ್ಪಷ್ಟವಾಗಿಲ್ಲ. ಏಪ್ರಿಲ್ 1ರಂದು ಹೊಸದಕ್ಕೆ ಹೋಗುವುದೋ ಬೇಡವೋ ಎಂಬುದನ್ನು ಕೊನೆಯ ಕ್ಷಣದಲ್ಲಿ ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸಬೇಕು? ಆ ದಿನ ಹಿಂದೆ ಸರಿಯಲು ಯಾರಿಗೂ ಧೈರ್ಯ ಬರಲಾರದು ಎನಿಸುತ್ತದೆ.

ಉತ್ತರ: ಲೆಕ್ಕಪರಿಶೋಧಕಿ, ವಿರಾಜಪೇಟೆ

ಅದಕ್ಕಾಗಿಯೇ ಆಧಾರವನ್ನು ಈಗಲೇ, ಯಾರ ಮೇಲೂ ಒತ್ತಡ ಇಲ್ಲದ ಹೊತ್ತಿನಲ್ಲಿ ಬರೆದಿಡಬೇಕು. ಸದಸ್ಯರ ಸಂಖ್ಯೆ, ಷೇರು ಬಂಡವಾಳದ ಮೊತ್ತ, ಬಾಕಿ ಸಾಲದ ಮೊತ್ತ, ಗೋದಾಮಿನ ದಾಸ್ತಾನು, ಈ ನಾಲ್ಕೂ ಹಳೆಯದರಲ್ಲಿ ಮತ್ತು ಹೊಸದರಲ್ಲಿ ಒಂದೇ ಬರಬೇಕು. ವ್ಯತ್ಯಾಸವಿದ್ದರೆ ಅದಕ್ಕೆ ಬರಹದಲ್ಲಿ ಕಾರಣವಿರಬೇಕು. ಮಾರ್ಚ್ 25ರೊಳಗೆ ಕಾರ್ಯದರ್ಶಿ, ಸಾಲ ವಿಭಾಗದವರು ಮತ್ತು ಮಂಡಳಿ ನೇಮಿಸಿದ ಒಬ್ಬ ಸದಸ್ಯರು ಮೂವರೂ ಸಹಿ ಮಾಡಬೇಕು. ಕಂಪನಿಯವರ ಸಹಿ ಆ ಹಾಳೆಯಲ್ಲಿ ಬೇಡ. ಮೂರರಲ್ಲಿ ಒಂದು ಸಹಿ ಇಲ್ಲದಿದ್ದರೂ ಜುಲೈ 1ಕ್ಕೆ ಮುಂದೂಡಲಾಗುತ್ತದೆ ಎಂದು ಠರಾವಿನಲ್ಲೇ ಬರೆದುಬಿಟ್ಟರೆ, ಆ ದಿನ ಹಿಂದೆ ಸರಿಯಲು ಯಾರಿಗೂ ವಿಶೇಷ ಧೈರ್ಯ ಬೇಕಾಗುವುದಿಲ್ಲ. ನಿಮ್ಮ ನಿವೃತ್ತ ಗುಮಾಸ್ತರನ್ನು ಕರೆಸಿಕೊಳ್ಳುವುದಾದರೆ ಅಕ್ಟೋಬರಿಗೆ ಮೊದಲೇ ಕರೆಸಿ, ಕೊಯ್ಲು ಶುರುವಾದ ಮೇಲೆ ಅವರೂ ತೋಟ ಬಿಟ್ಟು ಬರಲಾರರು.